ಊ ಓನ್ ಪೇ ಚಾಪೆ ಸುತ್ತಿದ್ದು

ಎಲ್ಲದಕ್ಕೂ ಕಾರಣ ಮೀನಿನ ಸಾರಿನ ವಾಸನೆ.

ಪಥೇನ್ ಊರಿನ ಕೊಡೆಪೇಟೆಯ ಧ್ಯಾನಮಂದಿರದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎಂದಿನಂತೆ ಇಪ್ಪತ್ತು ಮಂದಿ ಕಣ್ಣು ಮುಚ್ಚಿ ಕೂತಿದ್ದರು. ಹೊಟ್ಟೆ ಉಬ್ಬಿದರೆ ‘ಉಬ್ಬುತ್ತಿದೆ’, ಇಳಿದರೆ ‘ಇಳಿಯುತ್ತಿದೆ’ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುವುದು ಅವರ ಸಾಧನೆ. ಐದಕ್ಕೆ ಹತ್ತು ನಿಮಿಷ ಇರುವಾಗ, ಎದುರಿನ ಕೋ ನ್ಯೋನ ಚಹದಂಗಡಿಯಲ್ಲಿ ಶಾವಿಗೆಗೆ ಸುರಿದು ತಿನ್ನುವ ಮೀನಿನ ಸಾರು ಮೋಹಿಂಗಾದ ಪಾತ್ರೆಯ ಮುಚ್ಚಳ ತೆಗೆದರು. ಮೀನು, ಶುಂಠಿ, ಬಾಳೆದಿಂಡು, ನಿಂಬೆಹುಲ್ಲು ಎಲ್ಲ ಕೈಕೈ ಹಿಡಿದುಕೊಂಡು ಕಿಟಕಿಯಿಂದ ಒಳಗೆ ಬಂದು, ಹತ್ತೊಂಬತ್ತು ಮಂದಿಯನ್ನು ದಾಟಿ, ನೆಟ್ಟಗೆ ಊ ಓನ್ ಪೇಯ ಮೂಗಿನ ಮುಂದೆ ನಿಂತವು.

‘ವಾಸನೆ ಬರುತ್ತಿದೆ,’ ಎಂದು ಅವನು ನಿಯಮದ ಪ್ರಕಾರ ಗುರುತು ಹಾಕಿಕೊಂಡ. ‘ಬಾಯಲ್ಲಿ ನೀರೂರುತ್ತಿದೆ. ಮಂಡಿ ನೋಯುತ್ತಿದೆ. ಸಾಕಾಗಿದೆ. ಏಳುತ್ತಿದ್ದೇನೆ.’

ಎದ್ದೇ ಬಿಟ್ಟ. ಎದ್ದವನು ಸುಮ್ಮನೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಇನ್ನು ಈ ಜನ್ಮದಲ್ಲಿ ಇತ್ತ ತಲೆ ಹಾಕುವುದಿಲ್ಲ ಎಂದು ತೀರ್ಮಾನಿಸಿ, ತನ್ನ ಚಾಪೆಯನ್ನು ನೀಟಾಗಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಓನ್ ಪೇ ಕೊಡೆಗಳಿಗೆ ಹೂ ಬರೆಯುವವನು. ಆ ಮಂದಿರಕ್ಕೆ ಬರಲು ಶುರುಮಾಡಿದಾಗ ಅವನ ಹೆಸರಿನ ಮೊದಲಿಗೆ ಹಿರಿಯರೆಂಬ ಮರ್ಯಾದೆಯ ‘ಊ’ ಕೂಡ ಸೇರಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪಿಸದೆ ಕೂತಿದ್ದ. ಮೊದಮೊದಲು ಒಳ್ಳೆಯದೇ ಆಗಿತ್ತು. ಎದ್ದು ಮನೆಗೆ ಹೋಗುವಾಗ ಮೈ ಹಗುರ, ಬೀದಿಯ ನಾಯಿಯ ಮೇಲೂ ಪ್ರೀತಿ. ಈಗ ಎಂಟು ತಿಂಗಳಿಂದ ಎಲ್ಲ ತಿರುಗುಮುರುಗು. ಕೂತ ಕೂಡಲೇ ಕಾರಣವಿಲ್ಲದ ದಿಗಿಲು. ಆಮೇಲೆ ಎಲ್ಲದರ ಮೇಲೂ ಹೇಸಿಗೆ: ತನ್ನ ಉಸಿರಿನ ಮೇಲೆ, ಪಕ್ಕದವರ ಉಸಿರಿನ ಮೇಲೆ, ಮುಖ್ಯವಾಗಿ ಎರಡು ಚಾಪೆ ಆಚೆ ಕೂತು ತೂತುಬಿದ್ದ ಸೈಕಲ್ ಪಂಪಿನ ಹಾಗೆ ಉಸಿರಾಡುವ, ಮೀನಿನ ಗೊಜ್ಜು ಮಾರುವ ದೋ ಚೀ ಊಳ ಮೇಲೆ. ಮನೆಗೆ ಹೋದರೆ ತಟ್ಟೆ ಎಸೆಯುವಷ್ಟು ಸಿಟ್ಟು. “ಧ್ಯಾನಕ್ಕೆ ಹೋಗಿದ್ರೋ, ಕೋಳಿಜಗಳಕ್ಕೆ ಹೋಗಿದ್ರೋ?” ಎಂದು ಹೆಂಡತಿ ದೋ ಸೇನ್ ಯೀ ದಿನಾ ಕೇಳುತ್ತಿದ್ದಳು. ಅವನು ಬರೆದ ಹೂಗಳೂ ಮುಖ ಸಿಂಡರಿಸಿಕೊಂಡು ಅರಳತೊಡಗಿದ್ದವು.

ಅವನಿಗೆ ಬೇಕಾಗಿದ್ದು ಬಹಳ ದೊಡ್ಡದೇನಲ್ಲ. ಒಂದು ಬಟ್ಟಲು ಬಿಸಿ ಮೋಹಿಂಗಾ. ಮಂದಿರದಲ್ಲಿ ಕೂರುವುದು ಮುಗಿದು, ಪಾರಾಯಣ ಮುಗಿದು, ಪುಣ್ಯ ಹಂಚಿ, ಕಸ ಗುಡಿಸಿ ಬರುವಷ್ಟರಲ್ಲಿ ಆರೂವರೆ. ಅಷ್ಟು ಹೊತ್ತಿಗೆ ಸೈಕಲ್ ರಿಕ್ಷಾದವರು ಮೇಲಿನದ್ದೆಲ್ಲ ತಿಂದಿರುತ್ತಾರೆ, ಇವನಿಗೆ ಉಳಿಯುವುದು ತಳದ ಮುಳ್ಳು, ತಣ್ಣಗಿನ ಗಂಜಿ. ಇಪ್ಪತ್ತೆರಡು ವರ್ಷ ತಳವನ್ನೇ ತಿಂದವನು ಇವತ್ತು ಮೇಲಿನದ್ದನ್ನು ತಿನ್ನಲು ಹೊರಟಿದ್ದ.

“ಅಣ್ಣಾ, ನೀವಾ? ಈ ಹೊತ್ನಲ್ಲಿ?” ಕೋ ನ್ಯೋ ಸೌಟು ಹಿಡಿದುಕೊಂಡೇ ಬೆರಗಾದ.

“ನಾನೇ. ಒಂದು ಬಟ್ಲು ಹಾಕು. ಸುಡ್ಬೇಕು ನಾಲಿಗೆ.”

ಬಟ್ಟಲು ಬಂತು. ಹಬೆ ಆಡುತ್ತಿತ್ತು. ಓನ್ ಪೇ ಚಮಚ ಎತ್ತಿದ. ಚಮಚ ಮತ್ತು ಬಾಯಿಯ ನಡುವೆ ಒಂದು ಗೇಣಿರುವಾಗ ದೋ ಚೀ ಊಳ ಮುಖ ಅಡ್ಡ ಬಂತು. ಈಕೆಯ ಧ್ಯಾನ ಎಷ್ಟು ಗಾಢವೆಂದರೆ, ಮಂದಿರದಲ್ಲಿ ಯಾರು ಬಂದರು, ಯಾರು ಹೋದರು, ಯಾರು ತೂಕಡಿಸಿದರು ಎಲ್ಲ ಅವಳಿಗೆ ಒಂದೇ ಕಣ್ಣಿನಲ್ಲಿ ಕಾಣುತ್ತದೆ.

“ಏನಾಯ್ತು ನಿಮಗೆ? ಹೊಟ್ಟೆ ಕೆಟ್ಟಿದ್ಯಾ? ಮನೇಲಿ ಯಾರಾದ್ರೂ ಹೋದ್ರಾ?”

ಅವಳ ಹಿಂದೆ ಮಂದಿರದ ಅಧ್ಯಕ್ಷರು, ನಿವೃತ್ತ ಹೆಡ್‌ಮೇಷ್ಟ್ರು ಊ ಥೈಕ್ ತುನ್. ಅವರ ಹಿಂದೆ ಉಳಿದ ಹದಿನೇಳು ಮಂದಿ ಸಾಧಕರು. ಒಬ್ಬ ಎದ್ದು ಹೋದದ್ದು ಎಲ್ಲರಿಗೂ ಅಷ್ಟು ಕಳವಳ ತಂದಿತ್ತು. ಏಳಲು ಒಂದು ನೆಪ ಸಿಕ್ಕಿತೆಂದು ಎದ್ದರು ಎನ್ನುವುದು ಪಾಪದ ಮಾತಾದೀತು. ನಾನು ಹಾಗೆ ಹೇಳಲಾರೆ.

“ಮೇಷ್ಟ್ರೇ, ನೇರವಾಗಿ ಹೇಳ್ತೀನಿ,” ಎಂದ ಓನ್ ಪೇ. “ನನಗೆ ಸಾಕಾಗಿದೆ. ಕೂತ್ರೆ ಭಯ ಆಗುತ್ತೆ.”

ಮೇಷ್ಟ್ರ ಹುಬ್ಬು ಮೇಲೇರಿತು. “ಭಯವಾ?”

“ಭಯ. ಎಲ್ಲಾ ಹಾಳು, ಎಲ್ಲಾ ಕೇಡು ಅನ್ಸುತ್ತೆ. ಅಸಹ್ಯ ಆಗುತ್ತೆ. ತಪ್ಪಿಸ್ಕೊಂಡು ಹೋದ್ರೆ ಸಾಕು ಅನ್ಸುತ್ತೆ. ನಾನಿನ್ನು ಬರಲ್ಲ.”

ಮೇಷ್ಟ್ರು ಬೆರಳು ಮಡಿಸಿ ಎಣಿಸತೊಡಗಿದರು. “ಭಯ, ಆರು. ಕೇಡು, ಏಳು. ಅಸಹ್ಯ, ಎಂಟು…” ಅವರ ದನಿ ನಡುಗಿತು. “ಓನ್ ಪೇ, ನಿಮ್ಮ ಚಾಪೆ ಎಲ್ಲಿ?”

“ಇಲ್ಲೇ. ಸುತ್ಕೊಂಡು ಬಂದಿದ್ದೀನಿ.”

ಕೋ ನ್ಯೋ ಸೌಟು ಕೆಳಗಿಟ್ಟು ಕತ್ತು ಚಾಚಿದ.

“ಚಾಪೆ ಸುತ್ತಿದ್ದಾರೆ!” ಎಂದು ಮೇಷ್ಟ್ರು ಕೂಗಿದರು. “ಒಂಬತ್ತು!”

ವಿಷಯ ಇಷ್ಟೇ. ಧ್ಯಾನದ ದಾರಿಯಲ್ಲಿ ಹದಿನಾರು ಜ್ಞಾನದ ಮೆಟ್ಟಿಲುಗಳು. ಮೇಷ್ಟ್ರು ತಮ್ಮ ಕೈಯಾರೆ ಬಣ್ಣದಲ್ಲಿ ಬರೆದ ಹಲಗೆ ಮಂದಿರದ ಗೋಡೆಯ ಮೇಲಿದೆ. ಆರರಿಂದ ಮೇಲಕ್ಕೆ ಏರಿದವನಿಗೆ ಭಯ, ಜುಗುಪ್ಸೆ, ಬಿಟ್ಟು ಓಡುವ ತವಕ ಹುಟ್ಟುತ್ತವೆ. ಎಂಥ ಸಾಧಕನೂ ಅಲ್ಲಿಗೆ ಬಂದಾಗ ಚಾಪೆ ಸುತ್ತಿಕೊಂಡು ಮನೆಗೆ ಹೊರಡುತ್ತಾನೆ ಎಂದು ನಮ್ಮ ಕಡೆ ಪ್ರತಿ ಪ್ರವಚನದಲ್ಲೂ ಹೇಳುತ್ತಾರೆ, ಕೇಳಿದವರು ನಗುತ್ತಾರೆ. ಹೀಗಾಗಿ ನಮ್ಮ ಕೊಡೆಪೇಟೆಯಲ್ಲಿ ಸಾಲುಸಾಲು ಬೆಳಕು ಕಂಡೆ ಎನ್ನುವವನನ್ನು ಯಾರೂ ಕೇಳುವುದಿಲ್ಲ. ಚಾಪೆ ಸುತ್ತಿದವನನ್ನು ಮಾತ್ರ ಕೈಮುಗಿದು ನೋಡುತ್ತಾರೆ. ಅಂಥವನನ್ನು ಕಣ್ಣಾರೆ ಕಂಡವರು ಈವರೆಗೆ ಯಾರೂ ಇರಲಿಲ್ಲ.

“ಅಯ್ಯೋ ಅದಲ್ಲ ಮೇಷ್ಟ್ರೇ! ನನಗೆ ನಿಜವಾಗ್ಲೂ ಬೇಜಾರಾಗಿದೆ.”

“ನಿಜವಾಗ್ಲೂ ಆಗ್ಬೇಕು. ಸುಳ್ಳುಸುಳ್ಳು ಆದ್ರೆ ಅದು ಜ್ಞಾನ ಅಲ್ಲ.”

“ಮೋಹಿಂಗಾ ತಿನ್ನೋಣ ಅಂತ ಬಂದೆ ಅಷ್ಟೇ!”

“ಸಾಧು, ಸಾಧು, ಸಾಧು,” ಎಂದರು ಹದಿನೆಂಟು ಮಂದಿ.

ಕೋ ನ್ಯೋ ಓಡಿ ಬಂದು ಬಟ್ಟಲನ್ನು ಕಿತ್ತುಕೊಂಡ. ಇಂಥವರಿಗೆ ಬಾಯಿ ಒಡೆದ ಬಟ್ಟಲಲ್ಲಿ ಕೊಟ್ಟರೆ ತನಗೆ ಯಾವ ಗತಿ! ಹೊಸ ಬಟ್ಟಲು ಬಂತು. ಅದಕ್ಕೆ ದೋ ಚೀ ಊ ಪುಣ್ಯಕ್ಕೆಂದು ಒಂದು ಬಾತುಮೊಟ್ಟೆ ಒಡೆದಳು. ಪುಣ್ಯ ಅವಳೊಬ್ಬಳ ಪಾಲಾಗುವುದನ್ನು ಸಹಿಸದೆ ಇನ್ನೊಬ್ಬಳು ಸೋರೆಕಾಯಿ ವಡೆ ಮುರಿದಳು. ಮತ್ತೊಬ್ಬ ನಿಂಬೆ ಹಿಂಡಿದ, ಮಗದೊಬ್ಬ ಹುರಿದ ಬೆಳ್ಳುಳ್ಳಿ ಸುರಿದ. ಆಮೇಲೆ ಮೇಷ್ಟ್ರು ಪುಣ್ಯ ಹಂಚುವ ಗಾಥೆ ಶುರುಮಾಡಿದರು. ಅವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಗಾಥೆ ಮುಗಿದಾಗ ಬಟ್ಟಲಿನಲ್ಲಿ ಇದ್ದದ್ದು ಪುಣ್ಯದ ಒಂದು ದಿಬ್ಬ. ತಣ್ಣಗಿತ್ತು. ಮೇಲೆ ಒಂದು ನೊಣ ಕೂತು ಕಾಲು ಉಜ್ಜುತ್ತಿತ್ತು.

ಓನ್ ಪೇ ಚಮಚ ಕೆಳಗಿಟ್ಟು ಮನೆಗೆ ಹೋದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೆನ್ನೆಗೆ ಹೊಸದಾಗಿ ತನಾಕಾ ಗಂಧ ತೇದು ಹಚ್ಚಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದು, ಕೂತು, ಒಂದು ಲೋಟ ಚಹ ಕುಡಿದು ಹೋಗಿತ್ತು.

“ಇಷ್ಟು ದಿನ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?” ಅವಳ ಕಣ್ಣಲ್ಲಿ ನೀರು. “ತಟ್ಟೆ ಎಸೆದಾಗ ನಾನು ನಿಮ್ಮ ಸ್ವಭಾವವೇ ಹೀಗೆ ಅಂದ್ಕೊಂಡಿದ್ದೆ. ಜ್ಞಾನ ಅಂತ ಗೊತ್ತಾಗ್ಲಿಲ್ಲ.”

“ಸ್ವಭಾವನೇ ಕಣೇ! ಮದುವೆ ಆದಾಗಿಂದ ಇದೇ ಸ್ವಭಾವ!”

“ಹೌದಾ? ಅಂದ್ರೆ ಅಷ್ಟು ವರ್ಷದಿಂದ್ಲೂ!” ಎಂದು ಅವಳು ಕೈಮುಗಿದಳು.

ಏಳು ಗಂಟೆಗೆ ಜಗಲಿ ತುಂಬಿತು. ಯಾರೋ ಬಾಳೆಗೊನೆ ತಂದರು, ಯಾರೋ ಮಗುವಿನ ತಲೆ ಮುಟ್ಟಿಸಲು ತಂದರು. ಮಗನಿಗೆ ಬಾಲಭಿಕ್ಷುವಿನ ಶ್ರಾಮಣೇರ ದೀಕ್ಷೆ ಕೊಡಿಸುವವರೊಬ್ಬರು ಮೆರವಣಿಗೆಯ ಚಿನ್ನದ ಬಣ್ಣದ ಕೊಡೆಗೆ ಹೂವು ಬೇಡ, ಬರಿ ಉಸಿರು ಊದಿ ಕೊಟ್ಟರೆ ಸಾಕು ಎಂದರು. ಬಣ್ಣದ ಕುಡಿಕೆಗಳನ್ನು ದೋ ಚೀ ಊ ಪ್ರಸಾದವೆಂದು ಹಂಚಿಬಿಟ್ಟಿದ್ದಳು. ಲಾಟರಿ ಆಡುವ ಇಬ್ಬರು ಮೂಲೆಯಲ್ಲಿ ಚೀಟಿ ಹಿಡಿದು ಕೂತು, ಓನ್ ಪೇ ಎಷ್ಟು ಸಲ ಸೀನಿದ, ಎಷ್ಟು ಸಲ ತಲೆ ಕೆರೆದುಕೊಂಡ ಎಂದು ಬರೆದುಕೊಳ್ಳುತ್ತಿದ್ದರು.

ಒಂದು ಗಂಟೆ ತಡೆದುಕೊಂಡ. ಕೊನೆಗೆ, “ಎದ್ದು ಹೋಗ್ರೀ ಎಲ್ಲಾ! ನಿಮ್ಮ ಮುಖ ನೋಡೋಕಾಗಲ್ಲ ನನಗೆ!” ಎಂದು ಕಿರುಚಿದ.

ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. “ಹತ್ತು. ಮತ್ತೆ ಮತ್ತೆ ನೋಡಿ ತಳಮಳಿಸುವ ಹಂತ. ಗಂಟಲು ನೋಡಿ, ಹೇಗೆ ಉಬ್ಬಿದೆ!”

ಓನ್ ಪೇಗೆ ಅಳು ಬಂತು. ಅಳು ಮುಗಿದ ಮೇಲೆ ಏನೂ ಬರಲಿಲ್ಲ. ಗೋಡೆಗೆ ಒರಗಿ ಕೂತು, ಸತ್ತ ದನಿಯಲ್ಲಿ ಹೇಳಿದ: “ಏನಾದ್ರೂ ಮಾಡ್ಕೊಳ್ಳಿ. ಇದ್ರೂ ಸರಿ, ಹೋದ್ರೂ ಸರಿ. ನನಗೆ ಬೇಕೂ ಇಲ್ಲ, ಬೇಡಾನೂ ಇಲ್ಲ.”

ಆಡಿದ ಮೇಲೆ ತಪ್ಪು ತಿಳಿಯಿತು. ಆದರೆ ಮೇಷ್ಟ್ರು ಆಗಲೇ ನೆಲಕ್ಕೆ ಹಣೆ ಹಚ್ಚಿದ್ದರು. “ಹನ್ನೊಂದು! ಉಪೇಕ್ಷೆ! ಮೂರು ಗಂಟೆಯೊಳಗೆ!” ಅವರ ಬೆನ್ನು ಅಲುಗುತ್ತಿತ್ತು. ಪಾಪ, ಆ ಹಲಗೆ ಬರೆದವರೇ ಅವರು. ಹದಿನಾರು ಮೆಟ್ಟಿಲನ್ನೂ ಮಗ್ಗಿಯ ಹಾಗೆ ಬಾಯಿಪಾಠ ಒಪ್ಪಿಸುವ ಅವರು ಸ್ವತಃ ಹತ್ತೊಂಬತ್ತು ವರ್ಷದಿಂದ ಮೂರನೆಯದರಲ್ಲಿ ಫೇಲಾಗುತ್ತಲೇ ಇದ್ದರು.

“ನನ್ನನ್ನ ಸಯಾಡೋ ಹತ್ರ ಕರ್ಕೊಂಡು ಹೋಗಿ,” ಎಂದ ಓನ್ ಪೇ. ಮೆಟ್ಟಿಲಿನಿಂದ ಇಳಿಸಲು ಇನ್ನು ವಿಹಾರದ ಹಿರಿಯ ಗುರುಗಳೊಬ್ಬರೇ ಗತಿ.

“ಅದನ್ನೇ ಹೇಳೋಣ ಅಂತಿದ್ದೆ. ಹನ್ನೊಂದಕ್ಕೆ ಬಂದವರನ್ನ ನಾನು ಇಟ್ಕೊಳ್ಳೋ ಹಾಗಿಲ್ಲ.”

ನದಿಯ ದಂಡೆಯ ವಿಹಾರಕ್ಕೆ ಮೆರವಣಿಗೆ ಹೊರಟಿತು. ಮುಂದೆ ಓನ್ ಪೇ, ಕಂಕುಳಲ್ಲಿ ಚಾಪೆ. ತಲೆಯ ಮೇಲೆ ಅವನೇ ಬರೆದ ಮುಖ ಸಿಂಡರಿಸಿದ ಹೂಗಳ ಕೊಡೆ.

ವರದಿ ಒಪ್ಪಿಸುವುದು ಗುರು ಶಿಷ್ಯರಿಬ್ಬರೇ ಇರುವಾಗ. ಒಳಗೆ ನಡೆದದ್ದನ್ನು ಹೊರಗೆ ಹೇಳುವ ಪದ್ಧತಿ ಇಲ್ಲ. ಎಂಬತ್ತರ ಸಯಾಡೋ ಮರದ ಹಲಗೆಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದರು. ಓನ್ ಪೇ ಮೂರು ಸಲ ತಲೆ ನೆಲಕ್ಕೆ ಮುಟ್ಟಿಸಿದ.

“ಏನು ಕಂಡೆ?” ಎಂದರು.

“ಮೋಹಿಂಗಾ, ಸ್ವಾಮಿ.”

ಬೀಸಣಿಗೆ ನಿಂತಿತು. “ಗುರುತು ಹಾಕಿದೆಯಾ?”

“ಹಾಕ್ದೆ ಸ್ವಾಮಿ. ವಾಸನೆ ಹೋಗ್ಲಿಲ್ಲ. ನಾನೇ ಹೋದೆ.” ಅಲ್ಲಿಂದ ಕಟ್ಟೆ ಒಡೆಯಿತು. ಎಂಟು ತಿಂಗಳ ದಿಗಿಲು, ಹೇಸಿಗೆ, ಮಂಡಿ, ಸೈಕಲ್ ಪಂಪು, ತಟ್ಟೆ, ಬಾತುಮೊಟ್ಟೆ ಎಲ್ಲವನ್ನೂ ಒಪ್ಪಿಸಿದ. “ಮೇಷ್ಟ್ರು ಹನ್ನೊಂದು ಅಂತಾರೆ ಸ್ವಾಮಿ. ನೀವಾದ್ರೂ ಹೇಳಿ, ಇದು ಯಾವ ಮೆಟ್ಟಿಲು?”

“ಕೂರೋಕೆ ಯಾಕೆ ಹೋಗ್ತಿದ್ದೆ?”

ಓನ್ ಪೇ ಯೋಚಿಸಿದ. “ಮೊದಲು ಮನಸ್ಸಿಗೆ ಹಿತ ಆಗ್ತಿತ್ತು. ಆಮೇಲೆ… ಮೇಷ್ಟ್ರು ಹಾಜರಿ ಹಾಕ್ತಾರೆ ಸ್ವಾಮಿ. ಒಂದು ದಿನ ತಪ್ಪಿದ್ರೆ ಮನೆಗೆ ಬರ್ತಾರೆ.”

“ಹಾಗಾದ್ರೆ ನೀನು ಕೂತಿದ್ದು ಹಾಜರಿಗೆ. ಇದು ಯಾವ ಮೆಟ್ಟಿಲೂ ಅಲ್ಲ ಕಣಪ್ಪ. ಬೇಜಾರು. ಬೇಜಾರಿಗೆಲ್ಲ ಪಾಳಿ ಹೆಸರು ಇಡ್ಬಾರ್ದು. ಮಂಡಿಗೆ ಎಣ್ಣೆ ಹಚ್ಚು. ಕೆಲವು ದಿನ ಕೂರ್ಬೇಡ. ಹೋಗಿ ಬಿಸಿಬಿಸಿ ಮೋಹಿಂಗಾ ತಿನ್ನು. ತಿನ್ನುವಾಗ ತಿಂತಿದ್ದೀನಿ ಅಂತ ಗೊತ್ತಿರ್ಲಿ, ಅಷ್ಟು ಸಾಕು. ಬುದ್ಧ ಯಾರನ್ನೂ ಚಾಪೆಗೆ ಕಟ್ಟಿಹಾಕಲಿಲ್ಲ.”

ಎಂಟು ತಿಂಗಳಲ್ಲಿ ಮೊದಲ ಬಾರಿ ಓನ್ ಪೇಯ ಎದೆ ಸಡಿಲಾಯಿತು. ಕಿಟಕಿಯಾಚೆ ನದಿ ಹೊಳೆಯುತ್ತಿತ್ತು. ಅದು ಅಷ್ಟು ದಿನವೂ ಅಲ್ಲೇ ಇತ್ತೇನೋ.

“ಇದನ್ನ ಒಂದು ಮಾತು ಅವರಿಗೂ ಹೇಳಿ ಸ್ವಾಮಿ!”

ಸಯಾಡೋ ನಿಟ್ಟುಸಿರುಬಿಟ್ಟರು. “ಗೋಡೆ ಮೇಲಿನ ಆ ಹಲಗೆ ತೆಗೀರಿ ಅಂತ ಮೂವತ್ತು ವರ್ಷದಿಂದ ಹೇಳ್ತಿದ್ದೀನಿ. ಪ್ರತಿ ಸಲ ಹೇಳಿದಾಗ್ಲೂ ಅದಕ್ಕೆ ಹೊಸ ಬಣ್ಣ ಬಳೀತಾರೆ.”

ಹೊರಗೆ ಬಂದ ಓನ್ ಪೇ ಗಟ್ಟಿಯಾಗಿ ಸಾರಿದ: “ಕೇಳ್ರಪ್ಪಾ! ಸಯಾಡೋ ಹೇಳಿದ್ರು. ಇದು ಯಾವ ಜ್ಞಾನವೂ ಅಲ್ಲ. ಬರೀ ಬೇಜಾರು!”

ಜನ ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಕ್ಕರು.

“ಒಳಗಿನ ಮಾತು ಹೊರಗೆ ಹೇಳಬಾರ್ದು ಅಂತ ಹೀಗೆ ಮುಚ್ಚಿಡ್ತಿದ್ದಾರೆ,” ಎಂದು ದೋ ಚೀ ಊ ಪಿಸುಗುಟ್ಟಿದಳು. “ಹನ್ನೆರಡೋ, ಹದಿಮೂರೋ?”

“ಮುಖ ಹೇಗೆ ಹೊಳೀತಿದೆ ನೋಡಿ,” ಎಂದರು ಮೇಷ್ಟ್ರು. “ನಾನು ಹದಿಮೂರು ಅಂತೀನಿ.”

ಹೊಳೆಯುತ್ತಿದ್ದದ್ದು ನಿಜ. ಆದರೆ ಹೊಟ್ಟೆ ಹಸಿದವನಿಗೆ ವಾದಕ್ಕೆ ಸಮಯವಿಲ್ಲ. ಓನ್ ಪೇ ಲುಂಗಿ ಎತ್ತಿಕಟ್ಟಿ ಚಹದಂಗಡಿಗೆ ಓಡಿದ. ಅಲ್ಲಿ ಅವನು ಬೆಳಿಗ್ಗೆ ಕೂತಿದ್ದ ಸ್ಟೂಲಿಗೆ ಹಳದಿ ಬಟ್ಟೆ ಸುತ್ತಿ, ಮೇಲೆ ಹೂ ಇಟ್ಟು, ಸುತ್ತ ಹಗ್ಗ ಕಟ್ಟಿದ್ದರು.

“ಅಣ್ಣಾ, ನಿಮಗೆ ಅಂತಾನೇ ಎರಡನೇ ಪಾತ್ರೆ ಒಲೆ ಮೇಲಿಟ್ಟಿದ್ದೀನಿ. ಒಂದರ್ಧ ಗಂಟೆ,” ಎಂದ ಕೋ ನ್ಯೋ. “ಅಷ್ಟರಲ್ಲಿ ಒಂದು ನಂಬರ್ ಹೇಳಿಬಿಡಿ. ಎರಡಂಕಿ ಸಾಕು.”

“ನನಗೇ ಮೊದಲು!” ಹಿಂದಿನಿಂದ ಮೀನುಗೊಜ್ಜಿನ ದನಿ.

“ನಮ್ಮ ಅಳಿಯನಿಗೆ ಕೆಲಸ ಯಾವಾಗ?”

“ಉಪೇಕ್ಷೆ ಬಂದಾಗ ಹೊಟ್ಟೆ ಎಡಗಡೆ ಉಬ್ಬುತ್ತೋ, ಬಲಗಡೆಯೋ?” ಇದು ಮೇಷ್ಟ್ರು, ಪುಸ್ತಕ ಪೆನ್ಸಿಲ್ ಸಮೇತ.

ಓನ್ ಪೇ ಸುತ್ತ ನೋಡಿದ. ಮನೆಯಲ್ಲಿ ಜಗಲಿ ತುಂಬ ಬಾಳೆಗೊನೆ. ಬೀದಿಯ ತುಂಬ ಜನ. ಇವರು ಬಾಯಿ ಮುಚ್ಚುವ ಜಾಗ ಇಡೀ ಪಥೇನಿನಲ್ಲಿ ಒಂದೇ ಒಂದು. ಧ್ಯಾನಕ್ಕೆ ಕೂತವರನ್ನು ಯಾವ ಕಾರಣಕ್ಕೂ ಮಾತನಾಡಿಸಕೂಡದು ಎಂದು ಮೇಷ್ಟ್ರೇ ಬೋರ್ಡು ಹಾಕಿದ ಜಾಗ.

ಅವನು ಮಂದಿರಕ್ಕೆ ನುಗ್ಗಿ, ತನ್ನ ಹಳೆಯ ಕಂಬದ ಪಕ್ಕ ಚಾಪೆ ಬಿಚ್ಚಿ, ಕಾಲು ಮಡಚಿ, ಕಣ್ಣು ಮುಚ್ಚಿದ.

ತಕ್ಷಣ ನಿಶ್ಶಬ್ದ. ಆಹಾ! ನಿಧಾನಕ್ಕೆ ಹೆಜ್ಜೆಗಳು ಹಿಂದೆ ಸರಿದವು. ಹೊರಗೆ ಏನೇನೋ ಗುಸುಗುಸು, ಒಳಗೆ ಬಂದು ಏನೇನೋ ಎತ್ತಿಕೊಂಡು ಹೋದ ಸದ್ದು. ಸ್ವಲ್ಪ ಹೊತ್ತಿಗೆ ಎಲ್ಲ ಚದುರಿದಂತಾಯಿತು. ಒಂದು ಕಣ್ಣು ತುಸುವೇ ತೆರೆದು ನೋಡಿದ. ಬಾಗಿಲಲ್ಲಿ ದೋ ಚೀ ಊ ಒಬ್ಬಳೇ ಕಾವಲು ಕೂತಿದ್ದಳು, ಕೈಯಲ್ಲಿ ಲಾಟರಿಯ ಚೀಟಿ. ಸಟ್ಟನೆ ಕಣ್ಣು ಮುಚ್ಚಿದ.

ಆಗ ಪಕ್ಕದ ಗುರುಪೀಠದ ಹಲಗೆ ಕಿರುಗುಟ್ಟಿತು. ಯಾರೋ ಬಂದು ಕೂತರು.

“ಕಣ್ಣು ತೆಗೀಬೇಡ. ನಾನು,” ಎಂದಿತು ಸಯಾಡೋ ಅವರ ಪಿಸುದನಿ.

“ಸ್ವಾಮಿ! ನೀವಿಲ್ಲಿ?”

“ವಿಹಾರದ ಅಂಗಳದಲ್ಲಿ ನಲವತ್ತು ಜನ ಬಂದು ಕೂತಿದ್ದಾರಪ್ಪ. ಎಲ್ಲರೂ ಚಾಪೆ ಸುತ್ಕೊಂಡು. ಎಲ್ಲರಿಗೂ ಒಂಬತ್ತಂತೆ. ಅರ್ಧ ಜನ ಕೂರೋಕೆ ಶುರುಮಾಡೋ ಮುಂಚೆನೇ ಸುತ್ತಿದ್ದಾರೆ.”

“ಇಲ್ಲಿನವರು?”

“ಅವರದ್ದೂ ಸುತ್ತಾಯ್ತು. ನಿಮ್ಮ ಮೇಷ್ಟ್ರು ಮೂರರಿಂದ ನೇರ ಒಂಬತ್ತಕ್ಕೆ ಹೋದ್ರು. ಇನ್ನು ಮೇಲೆ ಈ ಪೇಟೆಯವರು ಬೆಳಿಗ್ಗೆ ನಾಲ್ಕೂವರೆಗೆ ಕೂರಲ್ವಂತೆ. ಚಹದಂಗಡಿಯಲ್ಲಿ ಸೇರಿ ಜುಗುಪ್ಸೆಯ ಅಭ್ಯಾಸ ಮಾಡ್ತಾರಂತೆ.”

ಕಿಟಕಿಯಾಚೆ ಎರಡನೇ ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಮೀನು, ಶುಂಠಿ, ಬಾಳೆದಿಂಡು, ನಿಂಬೆಹುಲ್ಲು ಕೈಕೈ ಹಿಡಿದು ಒಳಗೆ ಬಂದವು. ಹಿಂದೆಯೇ ಹದಿನೆಂಟು ಚಮಚಗಳು ಹದಿನೆಂಟು ಬಟ್ಟಲಿಗೆ ತಾಗುವ ಕಿಣಿಕಿಣಿ, ಉಫ್ ಉಫ್ ಎಂದು ಊದಿಕೊಳ್ಳುವ ಸದ್ದು. ಅದರ ಜೊತೆಗೆ ಹೆಂಡತಿ ದೋ ಸೇನ್ ಯೀಯ ದನಿಯೂ ಇತ್ತು: “ಅಯ್ಯೋ, ನಾಲಿಗೆ ಸುಟ್ಟೇ ಹೋಯ್ತು!”

“ಸ್ವಾಮಿ, ಈಗ ನಾನು ಏಳಬಹುದಾ?”

“ಬಾಗಿಲಲ್ಲಿ ಆಯಮ್ಮ ಇದ್ದಾಳೆ. ನಾನು ಬರುವಾಗ ನನ್ನನ್ನೂ ನಂಬರ್ ಕೇಳಿದ್ಲು. ವಾಸನೆ ಬರುತ್ತಿದೆ ಅಂತ ಗುರುತು ಹಾಕಪ್ಪ. ನಾನೂ ಹಾಕ್ತೀನಿ.”

ಹೀಗೆ ಮಧ್ಯಾಹ್ನದವರೆಗೆ ಅವರಿಬ್ಬರೂ ಅಲುಗದೆ ಕೂತರು. ಅಷ್ಟು ದೀರ್ಘವಾದ, ಅಷ್ಟು ನಿಶ್ಚಲವಾದ ಧ್ಯಾನ ಆ ಮಂದಿರದಲ್ಲಿ ಹಿಂದೆಂದೂ ನಡೆದಿರಲಿಲ್ಲ. ಪಾತ್ರೆಯ ತಳ ಕೆರೆಯುವ ಸದ್ದು ನಿಂತ ಮೇಲೆ ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತ, ಹುರಿದ ಬೆಳ್ಳುಳ್ಳಿಯ ಪರಿಮಳ ಬೀರುತ್ತ, ತುದಿಗಾಲಿನಲ್ಲಿ ಒಳಗೆ ಬಂದು ಹಾಜರಿ ಪುಸ್ತಕ ತೆಗೆದರು. ಹತ್ತೊಂಬತ್ತು ಹೆಸರುಗಳ ಮುಂದೆ ‘ಚಾಪೆ ಸುತ್ತಿದ್ದಾರೆ’ ಎಂದು ಹೆಮ್ಮೆಯಿಂದ ಬರೆದರು. ಇಪ್ಪತ್ತನೆಯ ಹೆಸರಿಗೆ ಬಂದಾಗ ಕಂಬದ ಪಕ್ಕ ನೋಡಿ, ತುಸು ಕನಿಕರದಿಂದ ತಲೆಯಾಡಿಸಿ, ‘ಹಾಜರು’ ಎಂದು ಬರೆದರು.